ಹದಿನಾಲ್ಕು ಮಂದಿ ಹತ್ತಿರದವರು

ನನಗೆ ಹದಿನಾಲ್ಕು ಮಂದಿ ಹತ್ತಿರದ ಸಂಬಂಧಿಕರಿದ್ದಾರೆ. ಆದ್ದರಿಂದ ನಾನು ಮಗಳ ಮನೆಯಲ್ಲಿ ಇರಕೂಡದು. ಇದು ವಲಸೆ ಕಚೇರಿಯವರು ನನಗೆ ಬರೆದು ತಿಳಿಸಿದ ತೀರ್ಮಾನ. ಧಾರವಾಡದಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನು ನಾನು. ಅರ್ಧಂಬರ್ಧ ಉತ್ತರ ಬರೆದವರಿಗೆಲ್ಲ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದೇನೆ. ಪ್ರಶ್ನೆಗೆ ಪೂರ್ಣ ಉತ್ತರ ಬರೆದದ್ದೇ ತಪ್ಪೆಂದು ಹೇಳಿದವರಲ್ಲಿ ಇವರೇ ಮೊದಲಿಗರು. ನನಗಾದ ಅನ್ಯಾಯಗಳನ್ನು ನಾನು ಮರೆಯುವುದಿಲ್ಲ. ಇದನ್ನೂ ಮರೆಯಲಾರೆ.

ಇಂಗ್ಲಿಷರ ಈ ದೇಶದಲ್ಲಿ ಕಾಲಿಡುವ ಮನುಷ್ಯನನ್ನು ಮೊದಲು ಒಂದು ವರ್ಗಕ್ಕೆ ಸೇರಿಸುತ್ತಾರೆ. ನಾನು ರೇನರ್ಸ್ ಲೇನಿನ ಈ ಮನೆಗೆ ಬಂದದ್ದು ಆರು ತಿಂಗಳ 'ಸಂದರ್ಶಕ'ನಾಗಿ. ಹೆಂಡತಿ ತೀರಿಕೊಂಡಿದ್ದಳು, ಇರುವವಳು ಒಬ್ಬಳೇ ಮಗಳು ವಿಮಲಾ. "ಇಲ್ಲೇ ಇದ್ದುಬಿಡ್ರಿ ಅಪ್ಪಾ" ಎಂದಳು. ಇರಬೇಕಾದರೆ ಸಂದರ್ಶಕ ವರ್ಗದಿಂದ 'ಅವಲಂಬಿತ ತಂದೆ' ಎಂಬ ವರ್ಗಕ್ಕೆ ಹೋಗಬೇಕಂತೆ. ಆ ಪದ ನನಗೆ ರುಚಿಸಲಿಲ್ಲ. ಅಳಿಯ ಪ್ರಕಾಶ ಮೈಸೂರಿನವನು, ಇಲ್ಲಿ ಡಾಕ್ಟರು. "ಅದು ಬರೀ ಹೆಸರು ಮಾವ, ಮನಸ್ಸಿಗೆ ಹಚ್ಕೋಬೇಡಿ" ಎಂದ. ರೋಗಿಗಳಿಗೆ ರೋಗದ ಹೆಸರು ತಿಳಿಸುವಾಗಲೂ ಹೀಗೆಯೇ ಹೇಳುತ್ತಾನೆಂದು ಕಾಣುತ್ತದೆ. ಏಳು ವರ್ಷದ ಮೊಮ್ಮಗಳು ಅನು ಇದನ್ನೆಲ್ಲ ಕೇಳಿಸಿಕೊಂಡು, ದಿನವೂ ಅವಳ ಕೈಹಿಡಿದು ಶಾಲೆಗೆ ಬಿಟ್ಟುಬರುವ ನನ್ನನ್ನು, "ಅಜ್ಜಾ, ಆರ್ ಯೂ ಓನ್ಲಿ ಎ ವಿಸಿಟರ್?" ಎಂದು ಕೇಳಿದಳು. ಆ ದಿನವೇ ಅರ್ಜಿಗೆ ಒಪ್ಪಿದೆ.

ಮೊದಲ ಅರ್ಜಿಯನ್ನು ತುಂಬಿದವನು ಪ್ರಕಾಶ. ಅದು ಮೂರು ವಾರ ಬಿಟ್ಟು ಹಿಂದಿರುಗಿತು. ನಾವು ತುಂಬುವಷ್ಟರಲ್ಲಿ ನಮೂನೆಯೇ ಬದಲಾಗಿತ್ತಂತೆ, ಹೊಸದರಲ್ಲಿ ಬರೆಯಬೇಕಂತೆ. ಹುಡುಗರು ಬರೆಯುತ್ತಿರುವಾಗಲೇ ಪ್ರಶ್ನೆಪತ್ರಿಕೆ ಬದಲಿಸುವ ಮಾಸ್ತರನನ್ನು ನಮ್ಮ ಶಾಲೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಇರಲಿ. ಹಿಂದಿರುಗಿದ ಅರ್ಜಿಯನ್ನು ಓದಿ ನೋಡಿದೆ. 'ಸ್ವದೇಶದಲ್ಲಿ ಹತ್ತಿರದ ಸಂಬಂಧಿಕರು' ಎಂಬಲ್ಲಿ ಅಳಿಯ 'ಯಾರೂ ಇಲ್ಲ' ಎಂದು ಬರೆದಿದ್ದ.

ಇಲ್ಲಿ ವಸಂತನ ವಿಷಯ ಹೇಳಲೇಬೇಕು. ಅವನು ನನ್ನ ಕಾಕಾನ ಮಗ, ನನಗಿಂತ ಚಿಕ್ಕವನು. ಇಪ್ಪತ್ತೆರಡು ವರ್ಷದ ಹಿಂದೆ ತನ್ನ ಮಗಳ ಲಗ್ನಪತ್ರಿಕೆಯಲ್ಲಿ, ಆಗಮನಾಭಿಲಾಷಿಗಳ ಸಾಲಿನಲ್ಲಿ, ತನ್ನ ಆಫೀಸಿನ ಸಾಹೇಬರ ಹೆಸರನ್ನೂ ಹಾಕಿಸಿ ನನ್ನದನ್ನು ಬಿಟ್ಟ. ಕೇಳಿದರೆ, "ಕೆಳಗ 'ಹಾಗೂ ಬಂಧುವರ್ಗ' ಅಂತ ಅದ ಅಲ್ಲಾ, ಅದರಾಗ ನೀನೂ ಬಂದಿ" ಎಂದ. ನನ್ನನ್ನು ಒಂದು ವರ್ಗಕ್ಕೆ ಸೇರಿಸಿ ಕೈತೊಳೆದುಕೊಂಡವರಲ್ಲಿ ಅವನೇ ಮೊದಲಿಗ. ವಲಸೆ ಕಚೇರಿಯವರು ಆಮೇಲಿನವರು. ಅಂದಿನಿಂದ ಅವನೊಡನೆ ಮಾತಿಲ್ಲ.

ಇಂಥ ನಾನು 'ಯಾರೂ ಇಲ್ಲ' ಎಂಬ ಮಾತಿಗೆ ಸಹಿ ಹಾಕುವುದೆಂತು? ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದಾಗ ಹೊಸ ನಮೂನೆಯನ್ನು ನಾನೇ ತುಂಬಿದೆ. ಅಲ್ಲಿದ್ದ ಜಾಗ ಸಾಲದೆ ಒಂದು ಪುರವಣಿ ಹಾಳೆ ಲಗತ್ತಿಸಿ, ಹಿರಿತನದ ಕ್ರಮದಲ್ಲಿ ಹದಿನಾಲ್ಕು ಹೆಸರು ಬರೆದೆ. ವಸಂತ ಮಾಡಿದ್ದನ್ನು ನಾನು ಮಾಡಲಾರೆನೆಂಬ ಹೆಮ್ಮೆಯಿಂದ ಅವನ ಹೆಸರನ್ನೂ ಬರೆದೆ. ಕೊನೆಯಲ್ಲಿ.

ಅರ್ಜಿ ತಿರಸ್ಕೃತವಾಗಿ ಬಂದ ಮೇಲೆ ವಿಮಲಾ ಪುರವಣಿಯ ಪ್ರತಿಯನ್ನು ನೋಡಿದಳು. "ಇದೇನ್ರಿ ಅಪ್ಪಾ, ಲಗ್ನಪತ್ರಿಕಿ ಬರದಂಗ ಬರದೀರಲ್ಲ" ಎಂದು ನಗಲು ಹೋದವಳು ಕಣ್ಣೊರೆಸಿಕೊಂಡಳು. ಪ್ರಕಾಶ ಮೆಲ್ಲಗೆ, "ಅವರು ಕೇಳಿದ್ದು ನೆಂಟರು ಯಾರಿದ್ದಾರೆ ಅಂತಲ್ಲ ಮಾವ. ನಿಮ್ಮನ್ನ ನೋಡ್ಕೊಳ್ಳೋರು ಯಾರಿದ್ದಾರೆ ಅಂತ" ಎಂದ.

ಮೇಲ್ಮನವಿಗೆ ದಾರಿಯಿತ್ತು: ನನ್ನನ್ನು ನೋಡಿಕೊಳ್ಳಲಾರೆವೆಂದು ಹದಿನಾಲ್ಕು ಮಂದಿಯಿಂದಲೂ ಕಾಗದ ತರಿಸಬೇಕು. ಎಲ್ಲರಿಗೂ ಬರೆದೆ. ಅವರಲ್ಲಿ ಒಂಬತ್ತು ಮಂದಿಯೊಡನೆ ನಾನು, ಸಕಾರಣವಾಗಿಯೇ, ಮಾತು ಬಿಟ್ಟಿದ್ದೆ. ಆದರೂ ಹದಿಮೂರು ಉತ್ತರಗಳು ತಡವಿಲ್ಲದೆ ಬಂದವು. ಮಬ್ಬು ಹಿಡಿದ ಬೆಳಗುಗಳಲ್ಲಿ ಬಾಗಿಲಲ್ಲಿ ಅಂಚೆಗೆಂದು ಬಿಟ್ಟ ಸೀಳಿನಿಂದ ಒಂದೊಂದೇ ಕಾಗದ ಒಳಗೆ ಬೀಳುತ್ತಿತ್ತು. ನಾನು ಬಗ್ಗಿ ಎತ್ತಿಕೊಳ್ಳುತ್ತಿದ್ದೆ. 'ಆಗುವುದಿಲ್ಲ' ಎಂದಷ್ಟೇ ಬರೆದಿದ್ದರೆ ಸಾಕಿತ್ತು. ಕೇಳದಿದ್ದರೂ ಕಾರಣ ಕೊಟ್ಟಿದ್ದರು. ಒಡಹುಟ್ಟಿದ ತಂಗಿಯೇ, "ಅಣ್ಣನ ಸಿಟ್ಟು ಸೆಡವು ತಡಕೊಳ್ಳೂ ಶಕ್ತಿ ಈ ವಯಸ್ಸಿನ್ಯಾಗ ನನಗಿಲ್ಲ" ಎಂದು ಬರೆದಿದ್ದಳು. ಪ್ರಕಾಶನಿಗೆ ಬಹಳ ಸಮಾಧಾನವಾಯಿತು. "ಎಲ್ಲರೂ ಮನಸಾರೆ ಬರೆದಿದ್ದಾರೆ ಮಾವ. ಕೇಸು ಗಟ್ಟಿಯಾಯ್ತು" ಎಂದ. ನನ್ನನ್ನು ಯಾರೂ ಬಯಸುವುದಿಲ್ಲ ಎಂಬುದಕ್ಕೆ ಇಷ್ಟು ಒಳ್ಳೆಯ ಅಕ್ಷರದಲ್ಲಿ ಪುರಾವೆ ಸಿಗುವುದೆಂದು ನಾನು ಎಣಿಸಿರಲಿಲ್ಲ.

ಹದಿನಾಲ್ಕನೆಯ ಕಾಗದ ಮೊನ್ನೆ ಬಂತು. ವಸಂತನದು.

"ಅಣ್ಣಾ, ನೋಡ್ಕೊಳ್ಳಲಾರೆ ಅಂತ ಬರದು ಕಳಸು ಅಂದಿ. ಹಂಗ ಸುಳ್ಳ ಬರೀಲಿಕ್ಕೆ ನನಗ ಬರೂದಿಲ್ಲ. ಮ್ಯಾಲಿನ ಖೋಲಿ ಖಾಲಿ ಅದ. ಯಾವಾಗ ಬರ್ತಿ, ತಿಳಸು."

ಪ್ರಕಾಶ ಅದನ್ನು ಎರಡು ಸಲ ಓದಿದ. "ಇದೊಂದನ್ನ ಕಳಿಸೋದು ಬೇಡ ಮಾವ. ಪಟ್ಟಿಯಿಂದ ಆ ಹೆಸರು ತೆಗೆದುಬಿಡೋಣ. ದೂರದ ಸಂಬಂಧ, ತಪ್ಪಿ ಸೇರಿತ್ತು ಅಂದ್ರಾಯ್ತು." ವಿಮಲಾ ಅನುವಿನ ಶಾಲೆಯ ಚೀಲವನ್ನು ತಂದು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಸೋಮವಾರ ಮೇಲ್ಮನವಿ ಹೋಗಬೇಕು. ಹದಿಮೂರು ಕಾಗದಗಳಿಗೆ ಪಿನ್ನು ಹಾಕಿಟ್ಟಿದ್ದೇನೆ. ಇನ್ನೊಂದು ನನ್ನ ಕೋಟಿನ ಜೇಬಿನಲ್ಲಿದೆ. ವಲಸೆ ಕಚೇರಿಯ ಮಹನೀಯರೇ, ಇಪ್ಪತ್ತೆರಡು ವರ್ಷ ನಾನು ಮಾತನಾಡಿಸದ ಮೇಲೂ 'ಬಾ' ಎಂದವನು ಇವನೊಬ್ಬನೇ. ಇವನ ಹೆಸರನ್ನು ನನ್ನ ಕೈಯಿಂದಲೇ ಬಿಡಿಸಿ, ನಾನು ಇಷ್ಟು ಕಾಲ ಅವನ ಮೇಲೆ ಹೊರಿಸಿಕೊಂಡು ಬಂದ ಅಪರಾಧವನ್ನೇ ನನ್ನಿಂದ ಮಾಡಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?