ಭಾವಮೈದುನ ಕೊಟ್ಟ ವೇಗ

ನಕ್ಷೆರಾಯರ ಕಂಪ್ಯೂಟರು ನಿಧಾನವಾಗಿತ್ತು, ಅಷ್ಟೇ. ನಿಧಾನ ಅನ್ನುವುದು ಅಪರಾಧವೇನಲ್ಲ. ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆದುಕೊಡುವ ರಾಯರೂ ಹುಟ್ಟಿದಾಗಿನಿಂದ ನಿಧಾನವೇ. ಅವರನ್ನೇನೂ ಯಾರೂ ಬಿಚ್ಚಿ ರಿಪೇರಿ ಮಾಡಿರಲಿಲ್ಲ. ಆದರೆ ಹೆಂಡತಿಯ ತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ.

"ಭಾವ, ಕಂಪನಿಯವ್ರು ಇದರ ಕೈಕಾಲು ಕಟ್ಟಿ ಕಳಿಸಿದ್ದಾರೆ. ನಾನು ಬಿಚ್ತೀನಿ ನೋಡಿ" ಎಂದವನೇ ಸೆಟ್ಟಿಂಗಿನೊಳಗೆ ಹೊಕ್ಕು, ಪ್ರೊಸೆಸರು ತನ್ನ ಶಕ್ತಿ ಮೀರಿ ಓಡುವಂತೆ ಮಾಡಿದ. ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರಂತೆ. ಕತ್ತೆಗೆ ಕುದುರೆಯ ಚಾಟಿ ಹೊಡೆಯುವುದು ಎಂದು ರಾಯರು ಆಮೇಲೆ ಅರ್ಥ ಮಾಡಿಕೊಂಡರು.

ಮೊದಲ ವಾರ ಮಾತ್ರ ಅವರು ಹಿಗ್ಗಿ ಹೀರೇಕಾಯಿಯಾಗಿದ್ದರು. ತಮಗೆ ಕೆಲಸ ಕೊಡುವ ಎಂಜಿನಿಯರ ಆಫೀಸಿಗೂ ಹೋಗಿ, "ನಮ್ಮ ಭಾವಮೈದುನ ಕೈ ಇಟ್ಟ ಮೇಲೆ ನಿಮ್ಮ ಹೊಸ ಕಂಪ್ಯೂಟರಿಗಿಂತ ನಮ್ಮ ಹಳೇದೇ ಫಾಸ್ಟು ಸಾರ್" ಎಂದು ಕೊಚ್ಚಿಕೊಂಡು ಬಂದಿದ್ದರು.

ಎರಡನೇ ವಾರ ಚಾಳಿ ಶುರುವಾಯಿತು. ಸುಮ್ಮನೆ ಬಿಟ್ಟರೆ ಕಂಪ್ಯೂಟರು ಸಾಧುವಾಗಿ ಇರುತ್ತಿತ್ತು. ಶಾಲೆಯ ದೊಡ್ಡ ನಕ್ಷೆ ತೆಗೆದರೆ ಸಾಕು, ಪರದೆ ನೀಲಿಯಾಗಿ ಪ್ರಾಣ ಬಿಡುತ್ತಿತ್ತು. ಆ ನಕ್ಷೆ ಇವತ್ತು ಆಫೀಸು ಮುಚ್ಚುವುದರೊಳಗೆ ಎಂಜಿನಿಯರಿಗೆ ತಲುಪಬೇಕು. "ಈ ಸಲವೂ ತಪ್ಪಿದ್ರೆ ಕೆಲಸವೆಲ್ಲ ಮೂಲೆ ಅಂಗಡಿಯವನಿಗೆ" ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು.

ಬೆಳಗ್ಗೆ ಮೆಟ್ಟಿಲು ಬರೆಯುವಾಗಲೇ ಪರದೆ ನೀಲಿಯಾಯಿತು.

"ನಿನ್ನ ತಮ್ಮನ ಘನಕಾರ್ಯ ನೋಡು ಬಾ!" ರಾಯರು ಕಿರುಚಿದರು.

ಹೆಂಡತಿ ಸೌಟು ಹಿಡಿದೇ ಬಂದಳು. "ಅವನು ಮುಟ್ಟಿ ಎರಡು ವಾರ ಆಯ್ತು. ಅವತ್ತಿಂದ ಮುಟ್ತಾ ಇರೋದು ನೀವು."

ರಾಯರು ಹಲ್ಲು ಕಡಿಯುತ್ತ ಭಾವಮೈದುನನಿಗೆ ಫೋನ್ ಮಾಡಿದರು.

"ಸುಮ್ನಿದ್ದಾಗಲೂ ಆಫ್ ಆಗತ್ತಾ ಭಾವ?"

"ಇಲ್ಲಪ್ಪ. ಈ ಶಾಲೆ ನಕ್ಷೆ ತೆಗೆದಾಗ ಮಾತ್ರ."

"ಆಹಾ!" ಎಂದ ಆತ, ರೋಗ ಸಿಕ್ಕ ಡಾಕ್ಟರಂತೆ. "ಯೋಚನೆ ಮಾಡ್ತೀನಿ ಇರಿ. ಈಗ ಒಬ್ರು ಆಫೀಸಿಗೆ ಕರೆದಿದ್ದಾರೆ, ಹೊರಟಿದ್ದೀನಿ. ಸೆಟ್ಟಿಂಗ್ ಮಾತ್ರ ಮುಟ್ಬೇಡಿ, ಸುಟ್ಟು ಕರಕಲಾಗತ್ತೆ."

ಇದನ್ನು ಕೇಳಿದ್ದೇ ಹೆಂಡತಿ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಪಕ್ಕದಲ್ಲಿ ಕಾವಲು ಕೂತಳು. ತಮ್ಮನ ಮಾತು ಅವಳಿಗೆ ವೇದವಾಕ್ಯ.

ಕೂಗಾಟ ಕೇಳಿ ಪಕ್ಕದ ಮನೆಯ ಕರೆಂಟಜ್ಜ ಬಂದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ ಜಗತ್ತಿನ ಎಲ್ಲ ತೊಂದರೆಗೂ ಅರ್ಥಿಂಗ್ ಸರಿಯಿಲ್ಲದ್ದೇ ಕಾರಣ ಎಂದು ಅವರು ನಂಬಿದ್ದರು. ಟೆಸ್ಟರು ಹಿಡಿದು ಮನೆಯ ಸಾಕೆಟ್ಟುಗಳಿಗೆಲ್ಲ ಚುಚ್ಚಿ, ಅಡುಗೆಮನೆಯಿಂದ ಉದ್ದದ ವೈರು ಎಳೆದು ತಂದರು. ಅದಕ್ಕೆ ರಾಯರೇ ಎರಡು ಸಲ ಎಡವಿದರು. ಪರದೆ ಮತ್ತೆ ನೀಲಿಯಾಯಿತು.

ಅಷ್ಟರಲ್ಲಿ ಮೇಲಿನ ಮನೆಯ ಟೈಲರಕ್ಕ ಇಳಿದು ಬಂದಳು. ಕೈಯಲ್ಲಿ ಎಣ್ಣೆ ಡಬ್ಬಿ!

"ನನ್ನ ಹೊಲಿಗೆ ಮೆಷಿನ್ನೂ ಹೀಗೇ ನಿಂತು ನಿಂತು ಓಡ್ತಿತ್ತು ರಾಯರೇ. ನಾಲ್ಕು ಹನಿ ಬಿಟ್ರೆ ಮಾತೇ ಇಲ್ಲ. ಮುಚ್ಚಳ ತೆಗೀರಿ."

"ಅಮ್ಮಾ ತಾಯಿ, ಇದರೊಳಗೆ ಎಣ್ಣೆ ಬಿಡ್ತಾರೇನ್ರೀ!" ರಾಯರು ಕಂಪ್ಯೂಟರನ್ನು ಎರಡೂ ಕೈಗಳಿಂದ ತಬ್ಬಿಕೊಂಡರು.

"ಒಳ್ಳೇದು ಹೇಳಿದ್ರೆ ಮೈಮೇಲೆ ಬರ್ತಾರಲ್ಲ!" ಎಂದು ಟೈಲರಕ್ಕ ಮುಖ ಊದಿಸಿಕೊಂಡಳು.

ಅನ್ಯಾಯ, ಶುದ್ಧ ಅನ್ಯಾಯ! ಹಾಳು ಮಾಡಿದವನು ಮಹಾಪಂಡಿತ, ಅನುಭವಿಸುವವನು ಸಿಡುಕ. ರಾಯರ ನೆತ್ತಿ ಪ್ರೊಸೆಸರಿಗಿಂತ ಹೆಚ್ಚು ಬಿಸಿಯಾಗಿತ್ತು. ಆ ಹೊತ್ತಿಗೆ ಕರೆಂಟಜ್ಜ ಇನ್ನೊಂದು ವೈರು ಸಿಕ್ಕಿಸಿದರು. ಫಟ್ ಎಂದು ಇಡೀ ಮನೆಯ ಕರೆಂಟೇ ಹೋಯಿತು.

"ನಾನು ಹೇಳ್ಲಿಲ್ವಾ, ಅರ್ಥಿಂಗು!" ಎಂದು ಅಜ್ಜ ವಿಜಯಿಯಂತೆ ಕೆಳಗಿನ ಮೀಟರ್ ಬೋರ್ಡಿನತ್ತ ನಡೆದರು. ಟಾರ್ಚು ಹಿಡಿಯಲು ಹೆಂಡತಿ ಹೋದಳು. ಸಲಹೆ ಕೊಡಲು ಟೈಲರಕ್ಕ ಹೋದಳು.

ಕರೆಂಟು ಬಂತು. ಕಾವಲಿರಲಿಲ್ಲ. ಸುಟ್ಟರೆ ಸುಡಲಿ, ಇದ್ದೂ ಸತ್ತಂತಿರುವುದಕ್ಕಿಂತ ಅದೇ ವಾಸಿ ಎಂದುಕೊಂಡ ರಾಯರು ಸೆಟ್ಟಿಂಗಿನೊಳಗೆ ಹೋಗಿ, ಎಲ್ಲವನ್ನೂ ಕಂಪನಿ ಕೊಟ್ಟಂತೆಯೇ ಮಾಡಿಬಿಟ್ಟರು. ಏನೂ ಸುಡಲಿಲ್ಲ. ಕಂಪ್ಯೂಟರು ಹಳೆಯ ಎತ್ತಿನಂತೆ ನಿಧಾನವಾಗಿ ಎದ್ದಿತು, ನಿಧಾನವಾಗಿ ನಕ್ಷೆ ತೆರೆಯಿತು, ಸಾಯಲಿಲ್ಲ. ಕೆಳಗೆ ಅರ್ಥಿಂಗಿನ ಚರ್ಚೆ ಮುಗಿಯಲೇ ಇಲ್ಲ, ಅದೊಂದು ಪುಣ್ಯ. ಮಧ್ಯಾಹ್ನದ ಊಟವನ್ನೂ ಮರೆತು ರಾಯರು ಮೆಟ್ಟಿಲು ಮುಗಿಸಿ, ಕಿಟಕಿಗಳನ್ನು ಕೂರಿಸಿ, ನಕ್ಷೆ ಕಳಿಸಿಯೇಬಿಟ್ಟರು. ಆಫೀಸು ಮುಚ್ಚಲು ಇನ್ನೂ ಹೊತ್ತಿತ್ತು. ಭಾವಮೈದುನನಿಗೆ ಏನೇನು ಅನ್ನಬೇಕೆಂದು ಒಂದೊಂದಾಗಿ ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದರು.

ಫೋನು ಬಂತು. ಎಂಜಿನಿಯರು.

"ನಕ್ಷೆ ಬಂತು ರಾಯರೇ. ತೆಗೆದ ತಕ್ಷಣ ನಮ್ಮ ಕಂಪ್ಯೂಟರು ನೀಲಿಯಾಗಿ ಆಫ್ ಆಗತ್ತೆ."

"ನಿಮ್ದಾ? ಅದು ಹೊಸದಲ್ವಾ ಸಾರ್?"

"ಹೊಸದೇ. ನೀವು ಅಷ್ಟು ಹೊಗಳಿದ್ರಿ ಅಂತ ನಿಮ್ಮ ಭಾವಮೈದುನನ್ನ ಕರೆಸಿ, ಇವತ್ತು ತಾನೇ ಸ್ಪೀಡ್ ಮಾಡಿಸಿದೆ. ಇಲ್ಲೇ ಇದ್ದಾರೆ. ಏನು ತಲೆ ರೀ ಹುಡುಗಂದು! ಕಾರಣಾನೂ ಕಂಡುಹಿಡಿದ್ರು."

"ಏನಂತೆ ಸಾರ್ ಕಾರಣ?"

"ನಿಮ್ಮ ಮನೇಲೂ ಈ ನಕ್ಷೆ ತೆಗೆದಾಗ ಮಾತ್ರ ಆಫ್ ಆಗ್ತಿತ್ತು ಅಂತ ನೀವೇ ಹೇಳಿದ್ರಂತೆ. ಇಲ್ಲೂ ಅದೇ. ಎರಡು ಕಂಪ್ಯೂಟರು, ಒಂದೇ ನಕ್ಷೆ. ತಪ್ಪು ನಕ್ಷೇಲೇ ಇದೆ ರಾಯರೇ. ಕೆಲಸ ಮೂಲೆ ಅಂಗಡಿಯವನಿಗೆ ಕೊಟ್ಟೆ. ಬೇಜಾರು ಮಾಡ್ಕೋಬೇಡಿ."

"ಸಾರ್, ಒಂದು ನಿಮಿಷ, ಸಾರ್!" ಫೋನು ಇಟ್ಟಾಗಿತ್ತು.

ಅದೇ ಹೊತ್ತಿಗೆ ಹೆಂಡತಿ ಮೊಬೈಲನ್ನು ಕಿವಿಯಿಂದ ತೆಗೆಯುತ್ತ ಮೆಟ್ಟಿಲು ಹತ್ತಿ ಬಂದಳು. ಮುಖ ಅರಳಿತ್ತು. ಹಿಂದೆ ಕರೆಂಟಜ್ಜ, ಅವರ ಹಿಂದೆ ಎಣ್ಣೆ ಡಬ್ಬಿ.

"ಕೇಳಿದ್ರಾ? ನಿಮ್ಮ ನಕ್ಷೆಯದ್ದೇ ತೊಂದರೆಯಂತೆ, ನಮ್ಮ ತಮ್ಮ ಕಂಡುಹಿಡಿದೇಬಿಟ್ಟ! ಪಾಪ, ಬೆಳಗ್ಗೆಯಿಂದ ಅವನನ್ನ ಬಾಯಿಗೆ ಬಂದ ಹಾಗೆ ಅಂದ್ರಲ್ಲ, ಒಂದು ಫೋನ್ ಮಾಡಿ ತಪ್ಪಾಯ್ತು ಅನ್ನಿ."