ಸಮುದ್ರಕ್ಕೆ ಅಂತ ಉಟ್ಟ ಹಳದಿ ಸೀರೆ

ವಿಶಾಖಪಟ್ಟಣದ ಸಮುದ್ರ ಇವತ್ತು ನನ್ನ ನೋಡಿ ಬೆಪ್ಪಾಗ್ಬೇಕು ಅಂತ ಶಪಥ ಮಾಡಿದವಳು ನಾನೇ! ಬರ್ಕೋ ನಿಕಿತಾ, ಮುಚ್ಚಿಡೋದೇನಿದೆ.

ಈಗ ಬರೀತಿದಾಳಲ್ಲ ಈ ಮೊಮ್ಮಗಳು, ಇವಳೇ ಕೆಣಕಿದ್ದು. "ಬೀಚ್‌ಗೆ ಚೂಡಿದಾರ್ ಹಾಕ್ಕೋ ಅಜ್ಜೀ, ಸೀರೆ ವದ್ದು!" 'ಬೇಡ' ಅನ್ನೋ ಕನ್ನಡಾನೇ ಮರ್ತಿದಾಳೆ, ಪಾಪ.

"ಈ ವಯಸ್ಸಲ್ಲಿ ಪೈಜಾಮ ಎಳ್ಕೊಂಡು ಓಡಾಡ್ಲೇನೇ?" ಅಂತ ಟ್ರಂಕು ತೆಗೆದೆ.

ಹಳದಿ ಸೀರೆ, ಕೆಂಪಂಚು. ನಮ್ಮನೆಯವರಿಗೆ ಬ್ಯಾಂಕಿನಿಂದ ವಿಜಯವಾಡಕ್ಕೆ ವರ್ಗ ಆಗಿದ್ದಾಗ ಗವರ್ನರ್‌ಪೇಟೆಲಿ ತಗೊಂಡಿದ್ದು. ಆ ಊರಿನ ಬಿಸಿಲೋ, ಅಂಗಳದಲ್ಲಿಟ್ಟ ಹಪ್ಪಳ ತಾನೇ ಸುಟ್ಕೊಳ್ಳೋದು... ಅದಿರ್ಲಿ. ಅಂಗಡಿಯವನು ಸೀರೆನ ಕಣ್ಣಿಗೊತ್ತಿ ಕೊಟ್ಟಿದ್ದ. ಎಂಥಾ ಮರ್ಯಾದಸ್ಥ ಅಂದ್ಕೊಂಡಿದ್ದೆ!

ತಲೆಗೆ ಎರ್ಕೊಂಡಿದ್ದೆ, ಒಣಗ್ಲಿ ಅಂತ ಕೂದಲು ಬಿಟ್ಕೊಂಡೆ. ನಿಕಿತಾ ಬಿಸಿಲಿಗೆ ಅದೇನೋ ಕ್ರೀಮು ಕೊಟ್ಟಳು. ಅದನ್ನ ಪಕ್ಕಕ್ಕಿಟ್ಟು ಮುಖದ ತುಂಬಾ ಅರಿಶಿನ ಬಳ್ಕೊಂಡೆ. ಕಾಸಿನಗಲ ಕುಂಕುಮ. ತಲೆ ಬಿಟ್ಕೊಂಡು ನೀರಿನ ಹತ್ರ ಹೋದ್ರೆ ಗಾಳಿ ಸೋಕುತ್ತೆ ನೋಡಿ, ಅದಕ್ಕೆ ಮುಡಿಗೆ ಬೇವಿನ ಸೊಪ್ಪು. ದೆವ್ವಾನೇ ಹೆದರ್ಬೇಕು!

ನಮ್ಮನೆಯವರು ವಾಕಿಂಗ್ ಅಂತ ಮೊದಲೇ ಬೀಚಿಗೆ ಹೋಗಿದ್ರು. ನನ್ನ ಮರಳ ಹತ್ರ ಇಳಿಸಿ ನಿಕಿತಾ ಸ್ಕೂಟರ್ ನಿಲ್ಲಿಸೋಕೆ ಹೋದಳು. "ಇಲ್ಲೇ ನಿಂತಿರು ಅಜ್ಜೀ" ಅಂದಳು. ನಾನು ನಿಲ್ತೀನಾ?

ಮಂಜಂದ್ರೆ ಮಂಜು! ಸಮುದ್ರ ಕೇಳಿಸುತ್ತೆ, ಕಾಣಿಸಲ್ಲ. ಮುಂದೆ ಬೆಸ್ತರ ಹೆಂಗಸರು ಮಾತಾಡ್ತಾ ನಿಂತಿದ್ರು. ನನ್ನ ಕಂಡು ಮಾತು ನಿಂತೇಹೋಯ್ತು. ಬೊಗಳ್ತಿದ್ದ ನಾಯಿ ಬಾಲ ಮುದುರಿ ಕೂತ್ಬಿಡ್ತು. ಒಬ್ಬಳು ತಲೆ ಮೇಲಿನ ಮೀನುಬುಟ್ಟಿ ಇಳಿಸಿ ದಾರಿ ಬಿಟ್ಟಳು.

ಸೀರೆ ಕೆಲಸ ಮಾಡ್ತಿದೆ ಅಂತ ಬೀಗಿದೆ!

ಆಗ ಯಾರೋ ಮರಳಲ್ಲಿ ಕರ್ಪೂರ ಹಚ್ಚಿದ್ರು.

ಒಬ್ಬ ಸಣ್ಣ ಹುಡುಗಿ, ಹೊಸದಾಗಿ ಮದುವೆಯಾದವಳು, ನನ್ನ ಕಾಲು ಹಿಡ್ಕೊಂಡಳು. ಅವಳ ಕೈ ಮಂಜುಗಡ್ಡೆ. "ಅಮ್ಮಾ, ಮಾ ಆಯನ ಬೋಟು ಇಂಕಾ ರಾಲೇದು. ವಸ್ತಾಡಾ ತಲ್ಲೀ?" ಗಂಡನ ದೋಣಿ ಬಂದಿಲ್ಲ, ಬರ್ತಾನಾ ತಾಯಿ ಅಂತ.

ಅಯ್ಯೋ, ಇದು ಗ್ರಾಮದೇವತೆಗೆ ಉಡಿಸೋ ಸೀರೆ! ಅಂಗಡಿಯವನು ಕಣ್ಣಿಗೊತ್ಕೊಂಡಿದ್ದು ಇದಕ್ಕಾ!

ನಾನು ದೇವಿಯಲ್ಲ ಕಣೇ ಅನ್ನೋಕೆ ಬಾಯಿ ತೆಗೆದೆ. ಆ ಮಗುವಿನ ಮುಖ ನೋಡಿದೆ. "ವಸ್ತಾಡು" ಅಂತ ಬಂತು. ಆ ದನಿ ನಂದಲ್ಲ, ನನ್ನಾಣೆಗೂ!

ಅಲೆಗಳೂ ಸುಮ್ಮನಾದ ಹಾಗೆ. ಮಂಜಿನೊಳಗಿಂದ... ಟುಕು, ಟುಕು, ಟುಕು. ಬಂತು ದೋಣಿ! ಆ ಹುಡುಗಿ ಚೀರ್ಕೊಂಡು ನೀರಿಗೇ ಓಡಿದಳು.

ನಂಗೆ ಮೈಯೆಲ್ಲ ಮುಳ್ಳು. ಹೇಳಿದ್ದು ನಾನೋ, ಹಿಂದೆ ನಿಂತವರು ಇನ್ಯಾರಾದ್ರೂನೋ? ಗಕ್ಕನೆ ತಿರುಗಿದೆ. ಹಿಂದೆ ಯಾರೋ ಇದ್ರು! ಮಂಡಿಯೂರಿ, ಕಣ್ಮುಚ್ಚಿ, ಮಂಜು ಹಿಡಿದ ಕನ್ನಡಕ ಜೇಬಿಗೆ ಹಾಕ್ಕೊಂಡು... ನಮ್ಮನೆಯವರೇ, ನಾರಾಯಣಸ್ವಾಮಿಗಳು! ಅಜ್ಜಿ ಕಾಣ್ತಿಲ್ಲ ಅಂತ ನಿಕಿತಾ ಫೋನ್ ಮಾಡಿದ್ದಳಂತೆ.

"ತಾಯೀ, ನನ್ನ ಹೆಂಡತಿ ಈ ಮಂಜಲ್ಲಿ ತಪ್ಪಿಸ್ಕೊಂಡಿದಾಳೆ. ಅವಳಿಲ್ದೆ ನಂಗೆ ಯಾರಿದಾರೆ? ಕ್ಷೇಮವಾಗಿ ಸಿಗೋ ಹಾಗೆ ಮಾಡು."

ಕಣ್ಣು ತುಂಬಿಬಂತು ಕಣಮ್ಮಾ. ಎದೆಗೊತ್ಕೊಳ್ಳೋಣ ಅಂತ ಬಗ್ಗಿದೆ. ಅವರ ಮಂಡಿ ಪಕ್ಕ ಎಣ್ಣೆ ಜಿನುಗೋ ಪೊಟ್ಟಣ ಕಾಣಿಸ್ತು, ಬಿಸಿಬಿಸಿ ಪುನುಗುಲು! ಕರಿದ ತಿಂಡಿ ಮುಟ್ಟಕೂಡದು ಅಂತ ನಾನೇ ಕಟ್ಟಪ್ಪಣೆ ಮಾಡಿದ್ದೆ.

ಅವರು ಇನ್ನೂ ಕೈಮುಗಿದೇ ಇದ್ರು. "ಆದ್ರೆ ಅವಸರ ಏನಿಲ್ಲ ತಾಯೀ. ಇದಿಷ್ಟು ತಿಂದಾದ್ಮೇಲೆ ಸಿಕ್ಕಿದ್ರೆ ಸಾಕು!"