ನನ್ನ ‘ಛೆ ಛೆ’ಯೂ ಮೊಟ್ಟೆಯಿಲ್ಲದ ಗುಲಾಬಿಯೂ

ಒಬ್ಬೊಬ್ಬರಿಗೆ ಒಂದೊಂದು ಪಿತ್ರಾರ್ಜಿತ ಆಸ್ತಿ ಇರುತ್ತದೆ. ನಮ್ಮಪ್ಪ ನನಗೆ ಬಿಟ್ಟುಹೋದದ್ದು ‘ಛೆ ಛೆ’ ಎಂಬ ಉದ್ಗಾರ. “ನಿಮಗೆ ತೊಂದರೆ ಆಯ್ತೋ ಏನೋ” ಎಂದು ಯಾರಾದರೂ ಕೇಳಿದರೆ ‘ಛೆ ಛೆ’. “ಕಾಫಿಗೆ ಸಕ್ಕರೆ ಕಡಿಮೆಯಾಯ್ತಾ?” ಎಂದರೆ, ಮುಖ ಕಹಿಯಾಗಿದ್ದರೂ ‘ಛೆ ಛೆ’. ಬರೀ ‘ಇಲ್ಲ’ ಎನ್ನುವುದು ನಮ್ಮ ವಂಶಕ್ಕೆ ಒರಟಾಗಿ ಕೇಳುತ್ತದೆ. ‘ಛೆ ಛೆ’ಯಲ್ಲಾದರೆ ‘ಇಲ್ಲ’ವೂ ಉಂಟು, ‘ಹಾಗೆ ಕೇಳುವುದೇ ಸಲ್ಲದು’ ಎಂಬ ಮರ್ಯಾದೆಯೂ ಉಂಟು. ಈ ಆಸ್ತಿಯನ್ನು ಉಡುಪಿಯಿಂದ ವಡೋದರಾದವರೆಗೆ ಜೋಪಾನವಾಗಿ ತಂದವನು ನಾನು.

ಮೊಬೈಲು ಇನ್ನೂ ದೊಡ್ಡ ಅಧಿಕಾರಿಗಳ ಸೊಂಟದಲ್ಲಿ ಮಾತ್ರ ತೂಗುತ್ತಿದ್ದ ಕಾಲವದು. ಕೊಯಾಲಿ ಕಡೆಯ ಕಾರ್ಖಾನೆಯಲ್ಲಿ ನನಗೆ ಕೆಲಸ, ಅದರ ಟೌನ್‌ಶಿಪ್ಪಿನಲ್ಲಿ ಮನೆ. ಆಫೀಸಿನಲ್ಲಿ ಹಿಂದಿ, ಇಂಗ್ಲಿಷಿನಲ್ಲೇ ಬದುಕು ಸಾಗುತ್ತಿದ್ದುದರಿಂದ ನಾನು ಗುಜರಾತಿಯ ಗೊಡವೆಗೆ ಹೋಗಿರಲಿಲ್ಲ. ಮಗಳು ಪೂಜಾ ಮಾತ್ರ ಗುಜರಾತಿಯಲ್ಲೇ ನಗುತ್ತಿದ್ದಳು, ಗುಜರಾತಿಯಲ್ಲೇ ಅಳುತ್ತಿದ್ದಳು. “ನಿನ್ನ ಕನ್ನಡ ದೇವರಿಗೇ ಪ್ರೀತಿ” ಎಂದು ನಾನು ದಿನವೂ ಅವಳನ್ನು ಮೂದಲಿಸುತ್ತಿದ್ದೆ.

ಒಂದು ದಿನ ಪಕ್ಕದ ಮನೆಯಾಕೆ ನನ್ನ ಹೆಂಡತಿ ವಸುಧಾಳಿಗೆ, “ಇಡ್ಲಿ-ದೋಸೆ ಬಿಟ್ಟರೆ ನಿಮ್ಮ ಕಡೆ ಇನ್ನೇನು ಮಾಡುತ್ತೀರಿ?” ಎಂದು ಕೇಳಿಬಿಟ್ಟರು. ಪಾಪ, ಅವರು ಕೇಳಿದ್ದು ಸಹಜವಾಗಿಯೇ. ಆದರೆ ವಸುಧಾಳಿಗೆ ಅದು ನಾಟಿತು. ಊರಿನಲ್ಲಿ ಅವಳ ತವರಿನ ಆಚೆಮನೆ ಲಿಲ್ಲಿ ಬಾಯಿಯದು. ಕ್ರಿಸ್‌ಮಸ್ಸಿಗೆ ಅವರು ಮಾಡುತ್ತಿದ್ದ ಗುಲಾಬಿ ಹೂವಿನಂಥ ಗರಿಗರಿ ತಿಂಡಿಯನ್ನು ತಿಂದು ಬೆಳೆದವಳು ಇವಳು. ಮದುವೆಯಲ್ಲಿ ಲಿಲ್ಲಿ ಬಾಯಿ ಉಡುಗೊರೆ ಕೊಟ್ಟದ್ದೂ ಅದರ ಕಬ್ಬಿಣದ ಅಚ್ಚನ್ನೇ. ವಡೋದರಾದ ಚರ್ಚಿನ ಮೈದಾನದ ಕ್ರಿಸ್‌ಮಸ್ ಸಂತೆಯಲ್ಲಿ ಅದರ ಅಂಗಡಿ ಹಾಕುವುದೆಂದು ವಸುಧಾ ತೀರ್ಮಾನಿಸಿದಳು. “ಇದು ಖರ್ಚಾಗದಿದ್ರೆ ಅಚ್ಚನ್ನು ಲಿಲ್ಲಿ ಬಾಯಿಗೇ ವಾಪಸು ಕಳಿಸ್ತೇನೆ. ಮತ್ತೆ ಎಣ್ಣೆಗೆ ಇಳಿಸೂದಿಲ್ಲ” ಎಂದಳು. ಅವಳು ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ. ನನಗೆ ನಿಜವಾಗಿ ಭಯವಾಯಿತು.

ಗುಜರಾತಿನಲ್ಲಿ ಮೊಟ್ಟೆ ಹಾಕಿದ ತಿಂಡಿ ಮಾರುವುದೆಂದರೆ ಮಡಿಯುಟ್ಟವರ ಮಧ್ಯೆ ಚಪ್ಪಲಿ ಹಾಕಿಕೊಂಡು ನಡೆದಂತೆ. ಮೊಟ್ಟೆ ಬಿಟ್ಟರೆ ಹಿಟ್ಟು ಅಚ್ಚಿಗೆ ಕಚ್ಚಿಕೊಂಡು ಬಿಡಲೊಲ್ಲದು. ವಸುಧಾ ತೆಂಗಿನಹಾಲನ್ನು ದಪ್ಪ ಮಾಡಿದಳು, ತೆಳ್ಳಗೆ ಮಾಡಿದಳು, ಅಕ್ಕಿಹಿಟ್ಟು ಹೆಚ್ಚಿಸಿದಳು. ಕೈಕಾಲು ಮುರಿದ ಗುಲಾಬಿಗಳನ್ನೆಲ್ಲ ನಾನೂ ಪೂಜಾಳೂ ತಿಂದು ಮುಗಿಸಿದೆವು. ಕೊನೆಗೊಂದು ದಿನ ಹೂವು ತಾನಾಗಿ ಅಚ್ಚು ಬಿಟ್ಟು ಎಣ್ಣೆಯಲ್ಲಿ ತೇಲಿದಾಗ ನಮ್ಮ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮವಾಯಿತು. ಪೂಜಾ ಬಣ್ಣದ ಕಾಗದದ ನಕ್ಷತ್ರಗಳನ್ನು ಮಾಡಿದಳು. ನಾನು ಗೋಂದು ಹಚ್ಚಿದೆ. ಅರ್ಧ ನಕ್ಷತ್ರಕ್ಕೆ, ಅರ್ಧ ಲುಂಗಿಗೆ.

ಸಂತೆಯ ದಿನ ವಸುಧಾ ಹಿಂದೆ ಒಲೆಯ ಮುಂದೆ ಕುಳಿತಳು. ಪೂಜಾ ನಕ್ಷತ್ರಗಳನ್ನು ಕೋಲಿಗೆ ಕಟ್ಟಿಕೊಂಡು ಮಾರಲು ಮೈದಾನ ಸುತ್ತಹೊರಟಳು. ಎದುರಿಗೆ ನಿಂತವನು ನಾನು. ‘ಎಗ್‌ಲೆಸ್’ ಎಂದು ದೊಡ್ಡ ಬೋರ್ಡಿದ್ದರೂ ಬಾಯಿಮಾತಿನಲ್ಲಿ ಖಾತ್ರಿ ಮಾಡಿಕೊಳ್ಳದೆ ಅಲ್ಲಿ ಯಾರೂ ಕೈ ಹಾಕುವುದಿಲ್ಲ.

“ಭಾಯಿ, ಆಮಾ ಈಂಡಾ ಛೇ?” ಎಂದರು ಮೊದಲು ಬಂದಾಕೆ.

ಈಂಡಾ ಎಂದರೆ ಅಂಡಾ, ಮೊಟ್ಟೆ. ಅಷ್ಟು ನನಗೂ ಗೊತ್ತು. ನಾನು ಎರಡೂ ಕಿವಿ ಮುಟ್ಟಿಕೊಂಡು, “ಛೆ ಛೆ!” ಎಂದೆ. ಆಕೆ ಮೂಗು ಮುಚ್ಚಿಕೊಂಡು ಹೊರಟುಹೋದರು. ಮುಂದಿನವರಿಗೆ ಇನ್ನಷ್ಟು ಗಟ್ಟಿಯಾಗಿ “ಛೆ ಛೆ ಛೆ!” ಎಂದೆ. ಅವರು ಮಗುವಿನ ಕೈಯಲ್ಲಿದ್ದುದನ್ನೂ ಕಿತ್ತು ಬುಟ್ಟಿಗೆ ಹಾಕಿದರು. ಬಿಳಿ ಟೋಪಿಯ ಅಜ್ಜರೊಬ್ಬರು ಬೋರ್ಡನ್ನು ಓದಿ, ನನ್ನ ಉತ್ತರ ಕೇಳಿ, ಬೆನ್ನು ತಟ್ಟಿ, “ಆಪ್ ಸಚ್ಚೇ ಆದ್ಮೀ ಹೋ” ಎಂದರು. ಸತ್ಯವಂತನೆಂಬ ಬಿರುದಿಗೆ ನಾನು ಉಬ್ಬಿದೆ. ಆದರೆ ಅವರೂ ಕೊಳ್ಳಲಿಲ್ಲ.

ಮಧ್ಯಾಹ್ನವಾದರೂ ಬುಟ್ಟಿ ಕರಗಲಿಲ್ಲ. ಹಿಂದಿನಿಂದ ವಸುಧಾ, “ಇನ್ನೂ ಕರಿಯೂದಾ, ಸಾಕಾ?” ಎಂದಳು. ಅವಳ ದನಿ ಸಣ್ಣಗಾಗಿತ್ತು. ಅಷ್ಟರಲ್ಲಿ ಪೂಜಾ ಖಾಲಿ ಕೋಲು ಹಿಡಿದು ಬಂದಳು. ಅವಳೆದುರಿಗೇ ಇನ್ನೊಬ್ಬಾಕೆ ಅದೇ ಪ್ರಶ್ನೆ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ. ಪೂಜಾ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಪಪ್ಪಾ! ಛೇ ಅಂದ್ರೆ ಇದೆ! ಅವರು ಮೊಟ್ಟೆ ಇದೆಯಾ ಕೇಳಿದ್ರೆ ನೀನು ಇದೆ ಇದೆ ಹೇಳ್ತಾ ಇದ್ದಿ!”

ಬೇರೆಯವರು ‘ಛೇ’ ಎಂದಾಗ ಅದು ಗುಜರಾತಿ ಎಂದು ನನಗೆ ತಿಳಿದೇ ಇತ್ತು. ನನ್ನ ಬಾಯಲ್ಲೂ ಅದು ಗುಜರಾತಿಯಾದೀತೆಂದು ಹೊಳೆದಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ವಸುಧಾ ಜಾಲರಿ ಸೌಟು ಹಿಡಿದೇ ಎದ್ದುಬಂದಳು. “ಎಂತ ಮಾರಾಯ್ರೆ, ನಾನು ಮೊಟ್ಟೆ ಬಿಡ್ಲಿಕ್ಕೆ ತಿಂಗಳು ಒದ್ದಾಡಿದೆ, ನೀವು ನಿಂತಲ್ಲೇ ಹಾಕಿಬಿಟ್ರಲ್ಲ!” ಎಂದವಳು ಬೈಯಲು ಹೋಗಿ ನಕ್ಕುಬಿಟ್ಟಳು. ಪೂಜಾ ಸ್ಟೂಲು ಹತ್ತಿ “ಈಂಡಾ ನಥೀ!”, ಮೊಟ್ಟೆ ಇಲ್ಲ, ಎಂದು ಕೂಗಿದಳು. ಬಿಳಿ ಟೋಪಿಯ ಅಜ್ಜರನ್ನು ಹುಡುಕಿ ಕರೆತಂದು ತಿನ್ನಿಸಿದಳು. ಕತೆ ಮೈದಾನವೆಲ್ಲ ಹರಡಿ, ಜನ ಗುಲಾಬಿ ಕೊಳ್ಳಲು ಅರ್ಧ, ನನ್ನನ್ನು ನೋಡಲು ಅರ್ಧ ಬಂದರು. ಪಕ್ಕದ ಮನೆಯಾಕೆಗೆ ಸಿಕ್ಕಿದ್ದು ಪುಡಿ ಮಾತ್ರ. ಹೇಗೆ ಮಾಡುವುದೆಂದು ಅವರು ವಸುಧಾಳನ್ನು ಬಿಡದೆ ಕೇಳಿದರು.

ಸಂಜೆ ಆಟೋದಲ್ಲಿ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ವಸುಧಾ ಮೆಲ್ಲನೆ ಕೇಳಿದಳು: “ಬರುವ ವರ್ಷವೂ ಅಂಗಡಿ ಹಾಕ್ತೇನೆ. ನಿಮಗೆ ಬೇಜಾರುಂಟಾ?”

ನಾನು ಮನಸಾರೆ, “ಛೆ ಛೆ!” ಎಂದೆ.

ಪೂಜಾ ನಮ್ಮಿಬ್ಬರ ನಡುವೆ ತಲೆ ತೂರಿಸಿ, ಒಂದಕ್ಷರ ತಪ್ಪಿಲ್ಲದ ಕನ್ನಡದಲ್ಲಿ ಕೇಳಿದಳು: “ಯಾವ ಭಾಷೆಯಲ್ಲಿ, ಪಪ್ಪಾ?”